ಹದಿನೇಳು ಅಕ್ಷರದ ಕಾರ್ಡು

ಆಗಸ್ಟ್ 12, ಮಂಗಳವಾರ

ಇವತ್ತೂ ಒಂದೇ ಬೋರ್ಡು. 'ಗೇಟಿನ ಮುಂದೆ ವಾಹನ ನಿಲ್ಲಿಸಬಾರದು.' ಹನ್ನೊಂದಕ್ಕೆಲ್ಲ ಮುಗಿಯಿತು. ಆಮೇಲೆ ಬ್ರಷ್ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ನಂಬರ್ ಪ್ಲೇಟೆಲ್ಲ ಈಗ ಅಚ್ಚಾಗಿ ಬರುತ್ತವೆ. ಬರೆಯುವವರು ಯಾರಿಗೂ ಬೇಡ. ಅಂಗಡಿ ಲಿಂಗರಾಜಣ್ಣನದು. ಅವರು ಸ್ಟಿಕರ್ ಕತ್ತರಿಸುವ ಮೆಷಿನ್ ಮುಂದೆ, ನಾನು ಹಿಂದೆ, ಬಣ್ಣದ ಡಬ್ಬಗಳ ಹತ್ತಿರ.

ನಾಲ್ಕು ಗಂಟೆಗೆ ಅಭಿರಾಮ ಸರ್ ಬಂದರು. ಲಕ್ಷ್ಮೀಪುರಂನವರು. ಹೋದ ತಿಂಗಳು ಅವರ ಹಳೇ ಬೈಕಿನ ಟ್ಯಾಂಕಿಗೆ ಗೆರೆ ಎಳೆದುಕೊಟ್ಟಿದ್ದೆ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಒಳಗೆ ಹತ್ತಿ. ಹತ್ತಿಯ ಮೇಲೆ ಒಬ್ಬ ಮನುಷ್ಯ, ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ತಲೆಯ ಮೇಲೆ ಕೊಂಬು. ಸೊಂಟದಲ್ಲಿ ಎರಡು ಕತ್ತಿ.

"ಸಮುರಾಯ್ ಅಂತ. ಜಪಾನಿನ ಹಳೇ ಕಾಲದ ಯೋಧ. ಇಂಥವು ಅರವತ್ತಿವೆ. ಪೇಂಟ್ ಮಾಡ್ತೀರಾ ಅಶ್ವತ್ಥ? ಕಣ್ಣು ಕಾಣ್ಬೇಕು."

"ಮಾಡ್ತೀನಿ ಸರ್."

ಲಿಂಗರಾಜಣ್ಣ ಮೆಷಿನ್ ನಿಲ್ಲಿಸಿ ಬಂದರು. "ಇದೇನ್ ಸಾರ್, ನೀವೂ ಗೊಂಬೆ ಆಡ್ತೀರಾ?"

"ಚೆಸ್ ಆಡಲ್ವಾ ಲಿಂಗರಾಜು, ಹಂಗೇ. ಇದ್ರಲ್ಲಿ ಗುಡ್ಡ, ಹೊಳೆ, ಗದ್ದೆ ಎಲ್ಲಾ ಇರುತ್ತೆ. ಮೂರು ಜನ ಸೇರ್ತೀವಿ, ತಿಂಗಳಿಗೊಂದ್ಸಲ, ಎರಡನೇ ಭಾನುವಾರ."

ಅವರು ಹೋದ ಮೇಲೂ ನೋಡುತ್ತಲೇ ಇದ್ದೆ. ಇಷ್ಟು ಚಿಕ್ಕ ಮುಖದಲ್ಲಿ ಇಷ್ಟು ಸಿಟ್ಟು!

ಆಗಸ್ಟ್ 17, ಭಾನುವಾರ

ರೂಮಿನಲ್ಲೇ ಇದ್ದರೆ ತಲೆ ಕೆಡುತ್ತದೆ. ಸಂತೇಪೇಟೆಗೆ ನಡೆದುಕೊಂಡೇ ಹೋದೆ. ಅಂಥ ಯೋಧ ನನಗೂ ಒಬ್ಬ ಬೇಕಿತ್ತು. ಐದು ಆಟದ ಸಾಮಾನಿನ ಅಂಗಡಿ ಸುತ್ತಿದೆ. ಕೇಳುವುದಕ್ಕೆ ಬಾಯಿ ಬರಲಿಲ್ಲ, ಕಣ್ಣಲ್ಲೇ ಹುಡುಕಿದೆ. ಸಿಗಲಿಲ್ಲ. ಬಂದೂಕು ಹಿಡಿದ ಹಸಿರು ಪ್ಲಾಸ್ಟಿಕ್ ಸಿಪಾಯಿಗಳ ಪ್ಯಾಕೆಟ್ ತಂದೆ.

ಬಂದೂಕು ಕತ್ತರಿಸಿದೆ. ಪೈಪಿಗೆ ಮೆತ್ತುವ ಎಂ-ಸೀಲ್ ನಾದಿ ಎದೆಗವಚ, ಭುಜಕ್ಕೆ ಪಟ್ಟಿ. ತೆಂಗಿನ ಕಡ್ಡಿಯ ತುದಿ ಸೀಳಿ ತಲೆಗೆ ಕೊಂಬು. ಟೂತ್‌ಪೇಸ್ಟ್ ಟ್ಯೂಬ್ ಕತ್ತರಿಸಿ ಬೆನ್ನಿಗೆ ಬಾವುಟ. ಸಂಜೆ ಹೊತ್ತಿಗೆ ಮೂವರು. ಕಿಟಕಿಯ ಮೇಲೆ ನಿಲ್ಲಿಸಿದೆ. ಒಬ್ಬ ಸ್ವಲ್ಪ ನಮ್ಮಣ್ಣನ ಹಾಗಿದ್ದಾನೆ, ಗದ್ದ ಮುಂದೆ. ಅಣ್ಣ ಫೋನ್ ಮಾಡಿ ತಿಂಗಳ ಮೇಲಾಯಿತು.

ಆಗಸ್ಟ್ 23, ಶನಿವಾರ

ಮೊದಲ ಹತ್ತನ್ನು ಸರ್‌ಗೆ ತೋರಿಸಿದೆ. ನಕ್ಕರು.

"ಅಶ್ವತ್ಥ, ಕೆಲ್ಸ ಫಸ್ಟ್‌ಕ್ಲಾಸು. ಆದ್ರೆ ಇವ್ರೆಲ್ಲಾ ಯುದ್ಧಕ್ಕೆ ಹೋಗೋರ ಥರ ಇಲ್ಲ, ಮದ್ವೆಗೆ ಹೊರಟಂಗಿದಾರೆ."

ನಿಜ. ದಸರಾ ಗೊಂಬೆಯ ಹಾಗೆ ಕಣ್ಣು ದೊಡ್ಡದು ಮಾಡಿ, ಹುಬ್ಬು ತೀಡಿ, ಕೆನ್ನೆಗೆ ಕೆಂಪು ಹಚ್ಚಿಬಿಟ್ಟಿದ್ದೆ. ನನ್ನ ಕೈಗೆ ಗೊತ್ತಿರುವ ಮುಖ ಅದೊಂದೇ.

ಬರುವಾಗ ಬಸ್ ಸ್ಟಾಪಿನಲ್ಲಿ ಒಂದು ಗಂಟೆ ಕೂತೆ. ಹೂಟಗಳ್ಳಿ ಕಡೆಯ ಫ್ಯಾಕ್ಟರಿ ಶಿಫ್ಟ್ ಮುಗಿಸಿ ಇಳಿಯುವವರ ಮುಖ ನೋಡಿದೆ. ಸುಸ್ತು, ಸಿಟ್ಟು, ಹಸಿವು. ಕಣ್ಣು ಬರೀ ಒಂದು ಗೆರೆ. ಹಾಗೇ ಬರೆಯಬೇಕು.

ಆಗಸ್ಟ್ 30, ಶನಿವಾರ

ಸರ್ ನಲವತ್ತು ಖಾಲಿ ಕಾರ್ಡು ಕೊಟ್ಟಿದ್ದಾರೆ. ಜೊತೆಗೆ ಕಂಪ್ಯೂಟರಿನಲ್ಲಿ ತೆಗೆದ ಒಂದು ಹಾಳೆ. ಅದರಲ್ಲಿರುವ ಇಂಗ್ಲಿಷ್ ಮಾತುಗಳನ್ನು ಒಂದೊಂದು ಕಾರ್ಡಿಗೆ ಒಂದೊಂದರಂತೆ ಕೈಯಲ್ಲೇ ಬರೆಯಬೇಕು. ಆಟದಲ್ಲಿ ಆ ಕಾರ್ಡುಗಳೇ ಅಪ್ಪಣೆಯಂತೆ.

ಬರೆದೆ. ದಪ್ಪ ಕಾಲು, ಸಣ್ಣ ಬಾಲ, ಅಕ್ಷರಕ್ಕೆ ಅಕ್ಷರ ಒಂದೇ ಅಳತೆ. ಒಂದರಲ್ಲೂ ತಿದ್ದಿಲ್ಲ.

ಐದನೇ ಕ್ಲಾಸಿಗೆ ನಿಂತಿತು ನನ್ನ ಸ್ಕೂಲು. ಅಪ್ಪ ತೀರಿಕೊಂಡ ವರ್ಷ. ಕನ್ನಡ ಆಮೇಲೂ ಬಿಡಲಿಲ್ಲ. ಪೇಂಟ್ ಒರೆಸಲು ಬರುವ ಹಳೇ ಪೇಪರನ್ನೆಲ್ಲ ಓದಿಯೇ ಒರೆಸುವುದು. ಇಂಗ್ಲಿಷ್ ಅಕ್ಷರ ಇಪ್ಪತ್ತಾರೂ ಗೊತ್ತು. ಯಾವ ಅಳತೆಗೆ ಹೇಳಿದರೂ ಬರೆಯುತ್ತೇನೆ. ಸೇರಿದರೆ ಏನೆಂದು ಗೊತ್ತಾಗುವುದಿಲ್ಲ. ಬಾಗಿಲಿಗೆ ಬಣ್ಣ ಹೊಡೆದು, ಒಳಗೆ ಯಾರಿದ್ದಾರೆ ಅಂತ ತಿಳಿಯದೆ ಬರುವ ಹಾಗೆ.

ಸೆಪ್ಟೆಂಬರ್ 6, ಶನಿವಾರ

ಯೋಧರು, ಕಾರ್ಡು ಎರಡನ್ನೂ ಕೊಡಲು ಸರ್ ಮನೆಗೆ ಹೋಗಿದ್ದೆ. ಮಹಡಿಯ ಮೇಲೆ ದೊಡ್ಡ ಟೇಬಲ್. ಥರ್ಮೋಕೋಲ್ ಗುಡ್ಡ, ನೀಲಿ ಬಟ್ಟೆಯ ಹೊಳೆ. ಆಟದ ಉಳಿದಿಬ್ಬರೂ ಇದ್ದರು. ತೇಜಸ್ವಿನಿ ಮೇಡಂ, ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ರಾಹುಲ್, ಫ್ಯಾಕ್ಟರಿಯಲ್ಲಿ ಇಂಜಿನಿಯರ್, ನನಗಿಂತ ಎರಡು-ಮೂರು ವರ್ಷ ದೊಡ್ಡವರಿರಬಹುದು.

ಮೇಡಂ ಕಾರ್ಡುಗಳನ್ನು ಒಂದೊಂದೇ ತಿರುಗಿಸಿ ನೋಡಿದರು. "ಎಷ್ಟ್ ಚೆನ್ನಾಗಿ ಬರ್ದಿದೀರಿ! ಎಲ್ಲಿ ಓದಿದ್ದು ನೀವು?"

"ಇಲ್ಲೇ ಮೇಡಂ."

ಸುಳ್ಳಲ್ಲ. ನಿಜವೂ ಅಲ್ಲ.

ರಾಹುಲ್ ಹೇಳಿದರು, "ಗುರೂ, ಮೂರು ಜನಕ್ಕೆ ಒಂದು ಕಡೆ ಯಾವಾಗ್ಲೂ ಕಮ್ಮಿ ಬೀಳುತ್ತೆ. ನೀವೂ ಬಂದ್ಬಿಡಿ. ಕಾರ್ಡೆಲ್ಲಾ ನೀವೇ ಬರ್ದಿರೋದು, ಅರ್ಧ ಆಟ ಗೊತ್ತಾಗೋಗಿದೆ ನಿಮ್ಗೆ."

ಎಲ್ಲರೂ ನನ್ನ ಕಡೆ ನೋಡಿದರು. ಹೂಂ ಅಂದೆ.

ಯಾರಾದರೂ 'ನೀನೂ ಬಾ' ಅಂದು ಎಷ್ಟು ದಿನವಾಗಿತ್ತು? ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಸೆಪ್ಟೆಂಬರ್ 9, ಮಂಗಳವಾರ

ಬರೀ ಕೈಯಲ್ಲಿ ಹೋಗಬಾರದು. ಗದ್ದೆ ಮಾಡಿಕೊಂಡು ಹೋಗುತ್ತೇನೆ ಅಂದುಕೊಂಡೆ. ಬಣ್ಣ ಹಚ್ಚಿದ ಮರದ ಹೊಟ್ಟು, ಹೀರೆಕಾಯಿ ನಾರು... ಯಾವುದೂ ಗದ್ದೆಯಾಗಲಿಲ್ಲ. ಚಾಮುಂಡಮ್ಮ ಬಾಗಿಲಲ್ಲಿ ನಿಂತು ನೋಡಿದರು. ಕೃಷ್ಣಮೂರ್ತಿಪುರಂನ ಈ ಮನೆ ಅವರದು, ಹಿತ್ತಲ ರೂಮು ನನ್ನದು.

"ಅದೇನೋ ಅದು, ಕಸ ಹಳ್ಡ್ಕಂಡು? ರಾಗಿ ಹಾಕೋ. ದಸರಾ ಗೊಂಬೆ ಕೂರ್ಸ್ದಾಗ ಪಾರ್ಕಿಗೆ ನಾವು ಹಾಕಲ್ವಾ? ತಟ್ಟೇಲಿ ಮಣ್ಣು, ಮ್ಯಾಲೆ ನೆನೆಸಿದ ರಾಗಿ. ಐದ್ ದಿನಕ್ಕೆ ಹಸ್ರು ಬಂದ್ಬುಡ್ತದೆ."

ಅವರೇ ಒಂದು ಹಿಡಿ ರಾಗಿ ಕೊಟ್ಟರು. ಎರಡು ದೊಡ್ಡ ಟ್ರೇಗೆ ಹಾಕಿದೆ. ಭಾನುವಾರಕ್ಕೆ ಯೋಧರ ಮೊಣಕಾಲಿನಷ್ಟು ಬರಬೇಕು. ಲೆಕ್ಕ ಸರಿಯಾಗಿದೆ.

ಸೆಪ್ಟೆಂಬರ್ 14, ಭಾನುವಾರ, ಬೆಳಿಗ್ಗೆ

ಮೊಣಕಾಲಿನಷ್ಟೇ ಬಂದಿದೆ! ಶರ್ಟು ಇಸ್ತ್ರಿ ಮಾಡಿದೆ. ಸರ್ ಫೋನು — ರಾಹುಲ್‌ಗೆ ಡ್ಯೂಟಿ ಹಾಕಿದ್ದಾರಂತೆ, ಆಟ ಮುಂದಿನ ಭಾನುವಾರ.

ರಾಗಿಗೆ ಹೇಳುವುದು ಹೇಗೆ?

ಸೆಪ್ಟೆಂಬರ್ 18, ಗುರುವಾರ

ಸೊಂಟ ದಾಟಿತು. ನೀರು ನಿಲ್ಲಿಸಿದೆ. ಬಾಡಿದ ಹಾಗೆ ಕಂಡಿತು. ಮನಸ್ಸು ತಡೆಯಲಿಲ್ಲ, ಹಾಕಿದೆ.

ಸೆಪ್ಟೆಂಬರ್ 21, ಭಾನುವಾರ, ರಾತ್ರಿ

ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ಆಟೋದಲ್ಲಿ ಎರಡು ಟ್ರೇ ತೊಡೆಯ ಮೇಲಿಟ್ಟುಕೊಂಡು ಹೋದೆ. ಟೇಬಲ್ಲಿಗಿಟ್ಟು ಯೋಧರನ್ನು ಒಳಗೆ ನಿಲ್ಲಿಸಿದರೆ ಒಬ್ಬನೂ ಕಾಣಲಿಲ್ಲ. ಕೊಂಬಿನ ಮೇಲೂ ಎರಡು ಬೆರಳು ರಾಗಿ! ರಾಹುಲ್ ಬಗ್ಗಿ ಬಗ್ಗಿ ಹುಡುಕಿದರು. "ಗುರೂ, ಇದು ಗದ್ದೆಯಲ್ಲ, ಬಂಡೀಪುರ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಜೋರಾಗಿಯೇ.

ಸರ್ ಹೇಳಿದರು, "ಒಳ್ಳೇದಾಯ್ತು ಬಿಡಿ. ಒಳಗಿರೋರು ಕಾಣಲ್ಲ ಅಂದ್ರೆ ಅವ್ರ ಮೇಲೆ ಬಾಣ ಬಿಡೋ ಹಾಗಿಲ್ಲ."

ನಾನೂ ರಾಹುಲೂ ಒಂದು ಕಡೆ. ಸರ್, ಮೇಡಂ ಎದುರು ಕಡೆ. ನಿಯಮವನ್ನೆಲ್ಲ ಸರ್ ಕನ್ನಡದಲ್ಲೇ ಹೇಳಿದರು. ಚೆನ್ನಾಗಿ ಅರ್ಥವಾಯಿತು. ಆಮೇಲೆ ಕಾರ್ಡು ಹಂಚಿದರು. ತಲಾ ಮೂರು. ಯಾರಿಗೂ ತೋರಿಸಬಾರದು, ಜೊತೆಯವರಿಗೂ. ಸರದಿಗೆ ಒಂದು ಹಾಕಬಹುದು.

ನನ್ನದೇ ಅಕ್ಷರ. ನನಗೇ ಗೊತ್ತಿಲ್ಲ.

ಮೊದಲ ಸರದಿಗೆ ಐದಕ್ಷರದ್ದು ಹಾಕಿದೆ. ಬಿಲ್ಲುಗಾರರಿಗೆ ಒಂದು ದಾಳ ಜಾಸ್ತಿ ಸಿಕ್ಕಿತು. ಎರಡನೇ ಸರದಿಗೆ ಹತ್ತಕ್ಷರದ್ದು. ಎರಡು ತಂಡ ಮತ್ತೊಮ್ಮೆ ನಡೆಯಬಹುದು ಅಂತಾಯಿತು. ರಾಹುಲ್ ಬೆನ್ನು ತಟ್ಟಿ "ಸೂಪರ್ ಗುರೂ" ಅಂದರು. ಕಾರ್ಡಿನ ಮಾತು ಉದ್ದವಾದಷ್ಟೂ ಬಲ ಜಾಸ್ತಿ ಅಂತ ತಿಳಿದುಕೊಂಡೆ.

ಮೂರನೇ ಸರದಿ. ಮೇಡಂ ಕಡೆಯ ದಂಡನಾಯಕ ರಾಗಿಯ ಪಕ್ಕದ ದಾರಿಯಲ್ಲಿ ಬಂದ. ಜೊತೆಗೆ ನಾಲ್ಕೇ ಜನ. ರಾಗಿಯೊಳಗೆ ನನ್ನ ಹದಿನೈದು ಮಂದಿ. ಸುಮ್ಮನೆ ಹೊರಗೆ ಬಂದು ದಂಡನಾಯಕನನ್ನು ಹಿಡಿದರೆ ಆಟ ನಮ್ಮದು. ಕೈಯಲ್ಲಿ ಉಳಿದದ್ದು ಹದಿನೇಳು ಅಕ್ಷರದ್ದು. ಆ ಸರದಿಗೆ ಕಾರ್ಡು ಹಾಕದೆಯೂ ಇರಬಹುದಿತ್ತು. ಸರ್ ಹಾಗಂತ ಹೇಳಿಯೂ ಇದ್ದರು. ಆದರೆ ಅಷ್ಟು ಉದ್ದದ್ದನ್ನು ಬಿಡಲು ಮನಸ್ಸಾಗಲಿಲ್ಲ. ಹಾಕಿದೆ.

ರಾಹುಲ್ ಕಾರ್ಡು ಎತ್ತಿ ಎರಡು ಸಲ ಓದಿದರು.

"ಇಡೀ ಸೈನ್ಯ ವಾಪಸ್ಸಾ?" ಅಂದರು ರಾಹುಲ್. "ಗೆದ್ದಾಗಿತ್ತಲ್ಲ ಗುರೂ! ಯಾಕೆ?"

ನನ್ನ ಸೈನ್ಯವನ್ನೆಲ್ಲ ಟೇಬಲ್ಲಿನಿಂದ ಎತ್ತಬೇಕಾಯಿತು. ರಾಗಿಯೊಳಗೆ ಕೈ ಹಾಕಿ ಒಬ್ಬೊಬ್ಬನನ್ನೇ ಹುಡುಕಿ ತೆಗೆದೆ. ಕೊನೆಯವನು ಬೇಗ ಸಿಗಲಿಲ್ಲ. ಅಷ್ಟು ಹೊತ್ತೂ ಮೇಡಂ ನನ್ನನ್ನೇ ನೋಡುತ್ತಿದ್ದರು.

"ನನಗೆ ಬಿಟ್ಕೊಟ್ರಾ ಅಶ್ವತ್ಥ?"

ಕೈಯಲ್ಲಿದ್ದ ಯೋಧನ ಬುಡದ ಮಣ್ಣು ಒರೆಸಿದೆ.

"ಎಂಟು ವರ್ಷದಿಂದ ಆಡ್ತಿದೀನಿ ನಾನು. ಹೆಂಗಸು ಅಂತಲೋ, ಮೇಡಂ ಅಂತಲೋ ಬಿಟ್ಕೊಟ್ರೆ ಅದಕ್ಕಿಂತ ಅವಮಾನ ಬೇರೆ ಇಲ್ಲ."

"ಹಂಗಲ್ಲ ಮೇಡಂ..."

"ಮತ್ತೆ ಹೆಂಗೆ?"

ಅಂಗಡಿಯಲ್ಲಿ ಕೆಲಸ ಇದೆ ಅಂದೆ. ಭಾನುವಾರ ಅಂಗಡಿ ಇರುವುದಿಲ್ಲ ಅಂತ ಸರ್‌ಗೂ ಗೊತ್ತು.

ಸೆಪ್ಟೆಂಬರ್ 24, ಬುಧವಾರ

ಸರ್ ಫೋನು. "ಏನೂ ತಪ್ಪು ತಿಳ್ಕೋಬೇಡಿ. ತೇಜಸ್ವಿನಿಗೆ ಬೇಜಾರಾಗಿದೆ. ಮನಸ್ಸಿಟ್ಟು ಆಡದೋರ ಎದುರು ಕೂರಲ್ಲ ಅಂತಾಳೆ. ಪೇಂಟಿಂಗ್ ಕೆಲ್ಸ ಮಾತ್ರ ನಿಮ್ಮದೇ."

ಸರಿ ಸರ್ ಅಂದೆ.

ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಓದಲು ಬರುವುದಿಲ್ಲ ಅಂತ. ಅದನ್ನು ಹೇಳುವುದಕ್ಕಿಂತ, ಅವರಿಗೆ ಅವಮಾನ ಮಾಡಿದೆ ಅನ್ನಿಸಿಕೊಳ್ಳುವುದೇ ನನಗೆ ಸುಲಭವಾಯಿತು. ಎಂಥ ಮನುಷ್ಯ ನಾನು?

ಅಕ್ಟೋಬರ್ 1, ಬುಧವಾರ

ದಸರಾಕ್ಕೆ ಊರಿಗೆಲ್ಲ ದೀಪ. ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ದೀಪ ನೋಡಲು ಒಬ್ಬನೇ ಹೋದೆ. ಸರ್ಕಲ್ಲಿನ ತನಕ ಹೋಗಿ ವಾಪಸು ಬಂದೆ. ಎಲ್ಲರೂ ಯಾರದೋ ಕೈ ಹಿಡಿದು ನಡೆಯುತ್ತಿದ್ದರು, ತಪ್ಪಿಸಿಕೊಳ್ಳಬಾರದೆಂದು. ನಾನು ತಪ್ಪಿಸಿಕೊಂಡರೂ ಹುಡುಕುವವರಿಲ್ಲ. ಕೈ ಜೇಬಿನಲ್ಲಿತ್ತು.

ಅಕ್ಟೋಬರ್ 10, ಶುಕ್ರವಾರ

ಮಧ್ಯಾಹ್ನ ಅಂಗಡಿಯ ಮುಂದೆ ಸ್ಕೂಟರ್ ನಿಂತಿತು. ತೇಜಸ್ವಿನಿ ಮೇಡಂ. ಎದ್ದು ನಿಂತೆ. ಬ್ರಷ್ ಕೈಯಲ್ಲೇ, ಬಣ್ಣ ತೊಟ್ಟಿಕ್ಕುತ್ತಿತ್ತು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಅವತ್ತು ನಾನೂ ಸ್ವಲ್ಪ ಜಾಸ್ತಿ ಮಾತಾಡ್ದೆ." ಬ್ಯಾಗಿನಿಂದ ಒಂದು ಹಾಳೆ ತೆಗೆದರು. "ಹೊಸ ಕಾರ್ಡುಗಳು. ಹನ್ನೆರಡಿವೆ. ಇದ್ರಲ್ಲಿ ನಿಮಗೆ ಬೇಕಾದ ಐದು ನೀವೇ ಆರಿಸ್ಕೊಳ್ಳಿ, ನಿಮ್ಮ ಸೈನ್ಯಕ್ಕೆ. ಉಳಿದಿದ್ದು ನನಗೆ. ಭಾನುವಾರ ಬನ್ನಿ. ಈ ಸಲ ನಿಜವಾಗ್ಲೂ ಸೋಲ್ಸಿ ನನ್ನ, ನೋಡೋಣ."

"ಬರ್ತೀನಿ ಮೇಡಂ."

ಸ್ಕೂಟರ್ ಹೋಯಿತು. ಲಿಂಗರಾಜಣ್ಣ ಮೆಷಿನ್ ಹತ್ತಿರದಿಂದಲೇ, "ಯಾರ್ಲಾ ಅದು? ನಿನ್ನ ಹುಡಿಕ್ಕಂಡು ಒಬ್ರಾದ್ರೂ ಬಂದ್ರಲ್ಲ!" ಅಂದರು.

ಹನ್ನೆರಡು ಸಾಲು. ಕ್ಷಮೆ ಕೇಳಲು ಬಂದವರು ನನ್ನ ಕೈಗೆ ಓದಲಾಗದ್ದನ್ನೇ ಕೊಟ್ಟು ಹೋದರು.

ಅಕ್ಟೋಬರ್ 11, ಶನಿವಾರ

ಹನ್ನೆರಡನ್ನೂ ಕಾರ್ಡಿಗೆ ಬರೆದೆ. ಮೆಡಿಕಲ್ ಸ್ಟೋರಿನವರಿಗೆ ತೋರಿಸಿ ಅರ್ಥ ಕೇಳೋಣ ಅಂತ ಹೊರಟೆ. ಅಲ್ಲಿ ತನಕ ಹೋಗಿ, ತಲೆನೋವಿನ ಮಾತ್ರೆ ಕೊಂಡು ಬಂದೆ. ಇದೊಂದು ಸಲ ಕೇಳಿ ಬಾಯಿಪಾಠ ಮಾಡಿದರೆ ಆಯಿತು. ಮುಂದಿನ ಸಲ? ಅದರ ಮುಂದಿನ ಸಲ? ಟೇಬಲ್ಲಿನ ಮುಂದೆ ಕೂರುವುದು ನಾನಲ್ಲ, ಇಂಗ್ಲಿಷ್ ಬರುವ ಇನ್ಯಾರೋ ಒಬ್ಬ ಅಶ್ವತ್ಥ.

ಹೇಳಿದರೆ? ನಗಬಹುದು. ಅಯ್ಯೋ ಪಾಪ ಅನ್ನಬಹುದು. ಅದು ಇನ್ನೂ ಕಷ್ಟ.

ಮೇಡಂ ನನಗೆ... ಮೇಡಂ ಅವತ್ತು... ಅವತ್ತು ನಾನು ಬಿಟ್ಟುಕೊಟ್ಟಿದ್ದಲ್ಲ ಮೇಡಂ. ಹೀಗೆ ಶುರುಮಾಡಬೇಕು. ಕನ್ನಡಿ ಮುಂದೆ ಎಂಟು ಸಲ ಹೇಳಿದೆ.

ಅಕ್ಟೋಬರ್ 12, ಭಾನುವಾರ, ಹನ್ನೊಂದು ಗಂಟೆ, ಸರ್ ಮನೆ ಮಹಡಿ

ಹೇಳಿದೆ.

ಶುರುಮಾಡಿದ್ದು ಹಾಗಲ್ಲ. "ಐದು ಆರ್ಸಿದ್ರಾ?" ಅಂತ ಮೇಡಂ ಕೇಳಿದ ಕೂಡಲೇ ಹನ್ನೆರಡನ್ನೂ ಅವರ ಮುಂದಿಟ್ಟು, "ನನಗೆ ಇದು ಓದಕ್ಕೆ ಬರಲ್ಲ ಮೇಡಂ, ಬರೆಯಕ್ಕೆ ಮಾತ್ರ ಬರುತ್ತೆ" ಅಂದುಬಿಟ್ಟೆ. ಮೇಡಂಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಹೇಳುವುದೇ ಕಷ್ಟ.

"ಮತ್ತೆ ಅವತ್ತು ಆ ಕಾರ್ಡು?"

"ಉದ್ದ ಇತ್ತು ಅಂತ ಹಾಕ್ದೆ."

ರಾಹುಲ್ ಕುರ್ಚಿಯಿಂದ ಬೀಳುವುದೊಂದು ಬಾಕಿ. "ಉದ್ದ ಇತ್ತು ಅಂತ ಇಡೀ ಸೈನ್ಯನೇ ಮನೆಗ್ ಕಳ್ಸ್‌ಬಿಟ್ರಾ ಗುರೂ!" ಸರ್ ಅವರ ಕಡೆ ಕಣ್ಣು ಬಿಟ್ಟರು. ಮೇಡಂ ನಗಲಿಲ್ಲ. ಮುಖ ಕೆಂಪಾಗಿತ್ತು. "ನಾನು ಅಷ್ಟೆಲ್ಲಾ ಅಂದೆ, ಸುಮ್ನೆ ಕೇಳಿಸ್ಕೊಂಡ್ರಲ್ರೀ" ಅಂದರು. ಆಮೇಲೆ ಕುರ್ಚಿ ಎಳೆದು ನನ್ನ ಪಕ್ಕ ಹಾಕಿಕೊಂಡರು. "ಪುಸ್ತಕ ಇದ್ಯಾ? ನಾನು ಹೇಳ್ತೀನಿ, ಬರ್ಕೊಳ್ಳಿ."

ಬ್ಯಾಗಿನಲ್ಲಿ ಇದ್ದದ್ದು ಈ ಪುಸ್ತಕವೊಂದೇ. ಅವರು ಕಾಫಿ ತರಲು ಒಳಗೆ ಹೋದಾಗ ಇಷ್ಟು ಬರೆದೆ. ಬಂದರು.

ಒಂದು — ಮಂಜು ಮುಸುಕಿತು. ಬಾಣ ಬಿಡುವ ಹಾಗಿಲ್ಲ.

ಎರಡು — ಸೇತುವೆ ಮುರಿಯಿತು.

ಮೂರು — ದೂತ ದಾರಿಯಲ್ಲೇ ಸತ್ತ. ಅಪ್ಪಣೆ ತಲುಪಲಿಲ್ಲ.

ನಾಲ್ಕು — ಕುದುರೆಗೆ ವಿಶ್ರಾಂತಿ. (ಇದು ಬೇಡ, ಮೇಡಂಗೇ ಇರಲಿ.)

ಐದು — ಕಾವಲಿನವರು ನಿದ್ದೆ ಹೋದರು.

ಆರು — ಪಕ್ಕದ ಊರಿನವರು ಸಹಾಯಕ್ಕೆ ಬಂದರು. (ಇದು ನನಗೆ.)

ಏಳು — ಮೇಡಂ ಓದಿ ತಾವೇ ನಗುತ್ತಿದ್ದಾರೆ, ಹೇಳುತ್ತಿಲ್ಲ. "ಇದನ್ನ ನಿಮಗೆ ಕೊಡಲ್ಲ, ನಾನಿಟ್ಕೊಳ್ತೀನಿ" ಅನ್ನುತ್ತಿದ್ದಾರೆ. "ಮೋಸ ಮೋಸ" ಅಂತ ರಾಹುಲ್ ಕಿತ್ತುಕೊಳ್ಳಲು ಬಂದರು. ಏಳು —