ಚಿಮಣಿ ಕಾಣುವ ಹಾಗೆ ತೆಗೆದ ಚಿತ್ರ

ಆಳಂದ, ೧೯೪೧

ಮಣ್ಣೂರಿನಲ್ಲಿರುವ ಪೀರಪ್ಪ ಕಾಕಾನಿಗೆ ಅಣ್ಣಾರಾಯನ ಶರಣು.

ಕಾಕಾ, ತೋಳದ ಗವಿ ಎಲ್ಲಿದೆ ಎಂದು ಬೇಟೆಯವರಿಗೆ ಗೊತ್ತಾಗಿದ್ದು ನನ್ನಿಂದ. ವರ್ಷವಾಯಿತು, ಆ ಅಪವಾದವನ್ನು ನೀನು ಹೊತ್ತಿದ್ದೀ, ನಾನು ಬಾಯಿ ಮುಚ್ಚಿಕೊಂಡಿದ್ದೇನೆ. ಈ ಪತ್ರ ಓದಿ ಹೇಳುವವರು ಒಂದು ಮಾತೂ ಬಿಡದೆ ಓದಲಿ. ನಿನ್ನ ಮಗಳು ಚಂದಮ್ಮಕ್ಕನೂ ಕೇಳಲಿ.

ಉರ್ದು ಸಾಲಿ ಬಿಟ್ಟು ನಿನ್ನ ಕುರಿಗಳ ಹಿಂದೆ ಅಲೆಯುತ್ತಿದ್ದ ನನ್ನನ್ನು ನೀನು ಒಂದು ದಿನವೂ ಬೈಯಲಿಲ್ಲ. ಊರ ಹೊರಗಿನ ಹಳೆಯ ಕಲ್ಲುಖಣಿಗೆ ಕರೆದೊಯ್ದು ಅಲ್ಲಿನ ಗವಿಯಲ್ಲಿ ತೋಳದ ಮರಿಗಳನ್ನು ತೋರಿಸಿದೆ. ಆ ಖಣಿಯ ಕಲ್ಲಿನಿಂದಲೇ ಆಳಂದದ ಹೊಸ ಮನೆಗಳು ಎದ್ದಿದ್ದವು. ಊರು ಪ್ರತಿ ಸುಗ್ಗಿಗೂ ಇಷ್ಟಿಷ್ಟೇ ಆ ಕಡೆ ಸರಿಯುತ್ತಿತ್ತು. ಕುರಿ ಕಾಯುವವನು ತೋಳವನ್ನು ಯಾಕೆ ಬಿಟ್ಟಿದ್ದೀ ಎಂದು ಕೇಳಿದ್ದಕ್ಕೆ ನೀನು ನಕ್ಕೆ. "ಮರಿ ಹಾಕಿದ ತ್ವಾಳ ತನ್ನ ಓಣ್ಯಾಗ ಕದಿಯಂಗಿಲ್ಲಲೇ. ನಿನಗಿಂತ ಛಲೋ ಐತಿ. ನೀ ನಿಮ್ಮವ್ವನ ಗಡಿಗ್ಯಾಗಿನ ಬೆಲ್ಲಾನೇ ಬಿಡಂಗಿಲ್ಲ."

ಆಮೇಲೆ ನಾನು ಲಾಡ್ಲೆಸಾಬರ ಫೋಟೋ ಅಂಗಡಿ ಸೇರಿದೆ. ಕ್ಯಾಮೆರಾ ಹೊತ್ತು ಬಂದಾಗ ನೀನು ಒಂದೇ ಮಾತು ಹೇಳಿದೆ: "ತೆಗಿ. ಜಾಗಾ ಮಾತ್ರ ಯಾರಿಗೂ ತಿಳೀಬಾರ್ದು ನೋಡು."

ಮೊದಲ ಚಿತ್ರದಲ್ಲಿ ತಾಯಿ ತೋಳ ಮತ್ತು ಬಂಡೆ ಇಷ್ಟೇ ಇದ್ದವು. ಬಜಾರಿನಲ್ಲಿ ತೋರಿಸಿದರೆ ಸಂತೆಯ ನಾಯಿ ಎಂದು ನಕ್ಕರು. ಆ ನಗು ನನಗೆ ತಡೆಯಲಾಗಲಿಲ್ಲ. ನಿನಗೆ ಹೇಳದೆ ಮತ್ತೆ ಹೋದೆ. ಈ ಸಲ ಕ್ಯಾಮೆರಾವನ್ನು ಬೇಕೆಂದೇ ಪಕ್ಕಕ್ಕೆ ಸರಿಸಿ, ಮರಿಗಳ ಹಿಂದೆ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯ ಹೊಗೆ ಚಿಮಣಿ ಕಾಣುವಂತೆ ಇಟ್ಟೆ. ಊರಿಗೆ ಇಷ್ಟು ಹತ್ತಿರ ತೋಳವಿದೆ ಎಂದು ನಂಬಲಿ ಅಂತ. ನಂಬಿದರು.

ಅಂಗಡಿಯ ಗಾಜಿನ ಹಿಂದೆ ತೂಗುಹಾಕಿದ್ದ ಆ ಚಿತ್ರದ ಮುಂದೆ ಬೇಟೆಯವರು ನಿಂತು, ಚಿಮಣಿ ಯಾವ ದಿಕ್ಕಿಗಿದೆ ಎಂದು ತಮ್ಮತಮ್ಮಲ್ಲೇ ಲೆಕ್ಕ ಹಾಕಿದರು. ನನ್ನನ್ನು ಏನೂ ಕೇಳಲಿಲ್ಲ. ಮರುದಿನ ಗವಿಗೆ ಹೊಗೆ ಹಾಕಿ ಮರಿಗಳನ್ನು ಕೊಂದರು. ನಾನು ಬಾಯಿಬಿಟ್ಟು ಹೇಳಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮರಿ ಕಳೆದುಕೊಂಡ ತಾಯಿ ತೋಳ ನೀನು ಕಾಯುತ್ತಿದ್ದ ಕುರಿಹಟ್ಟಿಗೇ ನುಗ್ಗಿ ಕುರಿ ಹಿಡಿಯಿತು. ತೋಳ ಕೊಂದರೆ ಸರಕಾರ ಕೊಡುವ ಇನಾಮಿನ ಆಸೆಗೆ ನೀನೇ ಗವಿ ತೋರಿಸಿದೆ ಎಂದು ಕುರಿಗಳ ಒಡೆಯರಾದ ಜಗದೇವಪ್ಪ ಗೌಡರು ಎಲ್ಲರೆದುರು ನಿನ್ನ ಕೈಯ ಕೋಲು ಕಸಿದುಕೊಂಡು ಕೆಲಸದಿಂದ ಬಿಡಿಸಿದರು. ನಾನು ಅಲ್ಲೇ ಇದ್ದೆ. ನೀನು ಒಮ್ಮೆ ನನ್ನ ಕಡೆ ನೋಡಿದೆ. ನಿನಗೆ ಗೊತ್ತಿತ್ತೇನು ಕಾಕಾ? ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲವೇನು?

ಇವತ್ತು ಮುಂಜಾನೆ ಗೌಡರ ಮನೆಗೆ ಹೋಗಿ ಚಿತ್ರವನ್ನು ಮುಂದಿಟ್ಟು ಎಲ್ಲ ಹೇಳಿದೆ. ಚಿಮಣಿಯ ಮೇಲೆ ಬೆರಳಿಟ್ಟು ನೋಡಿದರು. ಗವಿ ತೋರಿಸಿದವನು ಪೀರಪ್ಪನಲ್ಲ ಎಂದು ಒಪ್ಪಿಕೊಂಡರು. ನಿನ್ನನ್ನು ಮತ್ತೆ ಕರೆಸಿರೆಂದು ಕೈಮುಗಿದೆ. "ಈಗ ಬಂದು ಹೇಳಿದ್ರ ಏನ್ ಮಾಡ್ಲೋ? ಕುರಿ ಹುಲೆಪ್ಪನ ಕೈಗೆ ಕೊಟ್ಟಾಗೈತಿ. ಅವನ ಹೊಟ್ಟಿ ಮ್ಯಾಲೆ ಹೊಡೀಲೇನು?" ಎಂದರು. ಚಿತ್ರ ಎತ್ತಿಕೊಂಡು ಹೊರಬಂದೆ.

ಮಣ್ಣೂರಿಗೆ ಬಂದು ನಿನ್ನ ಕಾಲು ಹಿಡಿಯಬೇಕಿತ್ತು. ಬರುತ್ತಿಲ್ಲ. ಹೈದರಾಬಾದಿನ ದೊಡ್ಡ ಸ್ಟುಡಿಯೋದವರು ಕೆಲಸಕ್ಕೆ ಕರೆದಿದ್ದಾರೆ, ಅದೂ ಅದೇ ಚಿತ್ರ ನೋಡಿ. ಒಲ್ಲೆ ಅನ್ನಲು ನನ್ನಿಂದಾಗಲಿಲ್ಲ. ಇದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ.

ಮಣ್ಣೂರಿನ ಭೀಮೆಯ ನೀರು ನಿನಗೆ ಒಗ್ಗಲಿ, ಮಗಳ ಮನೆಯಲ್ಲಿ ನಿನ್ನ ಮಾತಿಗೆ ಬೆಲೆ ಇರಲಿ. ನಾಳೆ ಮುಂಜಾನೆ ಕಲಬುರಗಿಯ ಮೋಟಾರಿಗೆ ಹೊರಡುತ್ತೇನೆ.

ಆಶೀರ್ವಾದ ಕೇಳಲು ಮುಖವಿಲ್ಲದ,
ಅಣ್ಣಾರಾಯ