ಅತ್ತೆಯ ನಲವತ್ತೆರಡು ಡಿಗ್ರಿ

ಮಾರ್ಚ್ ೪, ಮಂಗಳವಾರ

ಮತ್ತೆ ಅರ್ಧ ದಿನ ರಜೆ. ಅತ್ತೆಗೆ ಮೂರನೇ ಸಲದ ಶಾಖದ ಚಿಕಿತ್ಸೆ. ಮೊದಲು ರೇಡಿಯೇಷನ್, ಆಮೇಲೆ ಒಂದು ಗಂಟೆ ಇದು. ಎಡ ಎದೆ ತೆಗೆದ ಜಾಗದಲ್ಲೇ ಮೂರು ಕ್ಯಾನ್ಸರ್ ಗಂಟು ಮತ್ತೆ ಎದ್ದಿವೆ. ಬಿಸಿ ತಾಗಿದ ಗಂಟಿಗೆ ರೇಡಿಯೇಷನ್ ಚೆನ್ನಾಗಿ ನಾಟುತ್ತದಂತೆ. ಎದೆಯ ಮೇಲೆ ನೀರಿನ ಚೀಲ, ಅದರ ಮೇಲೆ ಮೆಷಿನ್ನಿನ ತಲೆ, ಚರ್ಮಕ್ಕೆ ಅಂಟಿಸಿದ ತೆಳು ತಂತಿಗಳು. ಪರದೆಯಲ್ಲಿ ನಲವತ್ತೆರಡು ಡಿಗ್ರಿ.

"ಉರಿದ್ರೆ ತಕ್ಷಣ ಹೇಳ್ಬೇಕು ಅಮ್ಮ," ಎಂದ ಟೆಕ್ನಿಷಿಯನ್.

"ಮೂವತ್ತು ವರ್ಷ ಬೇಕರಿ ಒಲೆ ಮುಂದೆ ನಿಂತೋಳಪ್ಪ ನಾನು. ನಿಂದು ಇನ್ನೂ ಉಗುರುಬೆಚ್ಚಗಿದೆ."

ಅವನು ನಕ್ಕ. ನಾನೂ ನಕ್ಕೆ. ಅವರ ಬಲಗೈ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿತ್ತು... ನೋಡಿಯೂ ಕೇಳಲಿಲ್ಲ.

ಮಾರ್ಚ್ ೭, ಶುಕ್ರವಾರ

ನಾಲ್ಕನೆಯದೂ ಮುಗಿಯಿತು. ನರ್ಸ್ ಕೇಳಿದರು — ಮಗಳಾ?

"ಸೊಸೆ," ಎಂದರು ಅತ್ತೆ. "ಮಗಳಾಗಿದ್ರೆ ನನ್ನನ್ನ ಇಷ್ಟು ಬೈತಿರಲಿಲ್ಲ."

ಬಸ್ಸಿನಲ್ಲಿ ನನ್ನ ಭುಜಕ್ಕೊರಗಿ ನಿದ್ದೆ ಹೋದರು. ಸ್ಟಾಪ್ ಬಂದರೂ ಎಬ್ಬಿಸಲು ಮನಸ್ಸಾಗಲಿಲ್ಲ. ಒಂದು ಸ್ಟಾಪ್ ಹೆಚ್ಚು ನಡೆಸಿದೆ ಎಂದು ಮನೆವರೆಗೂ ಗೊಣಗಿದರು.

ಮಾರ್ಚ್ ೮, ಬೆಳಿಗ್ಗೆ

ಸ್ನಾನವಾದ ಮೇಲೆ ಮೈ ಒರೆಸುವಾಗ ಕಂಡಿತು. ಕಂಕುಳ ಹತ್ತಿರ ಹೆಬ್ಬೆಟ್ಟಿನಗಲ ಬೊಬ್ಬೆ.

"ಯಾವಾಗಿಂದ ಇದು?"

"ನಿನ್ನೆ. ಏನಿಲ್ಲ ಬಿಡೇ."

"ಏನಿಲ್ವಾ? ಅಲ್ಲೇ ಹೇಳೋಕೇನಾಗಿತ್ತು ಅತ್ತೆ?"

"ಹೇಳಿದ್ರೆ ಶಾಖ ಕಮ್ಮಿ ಮಾಡ್ತಾರೆ. ಕಮ್ಮಿ ಮಾಡಿದ್ರೆ ಗಂಟು ಕರಗಲ್ಲ. ಅದಕ್ಕೇ ಹಲ್ಲು ಕಚ್ಚಿಕೊಂಡಿದ್ದೆ."

ಕೂಗಾಡಿಬಿಟ್ಟೆ. ಇವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿ ಬಂದರು. ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಹಾಗೇ ವಾಪಸ್ ಹೋದರು. ಆಮೇಲೆ ನನಗೇ ಅಳು.

ಮಾರ್ಚ್ ೧೧

ರೇಡಿಯೇಷನ್ ಮುಂದುವರಿಯುತ್ತದೆ. ಶಾಖ ಹತ್ತು ದಿನ ಬಂದ್.

ಡಾಕ್ಟರ್ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. "ಎಲ್ಲಿ ಉರಿಯುತ್ತೋ ಅಲ್ಲಿ ಮಾತ್ರ ಇಳಿಸ್ತೀವಿ ಅಮ್ಮ. ಉಳಿದ ಕಡೆ ಶಾಖ ಹಾಗೇ ಇರುತ್ತೆ. ನೀವು ಬಾಯಿ ಬಿಡಲಿಲ್ಲ, ಈಗ ಪೂರ್ತಿ ನಿಲ್ಲಿಸಬೇಕಾಯ್ತು."

ಹೊರಗೆ ಬೆಂಚಿನ ಮೇಲೆ ಅತ್ತೆ ಸೆರಗು ಸರಿಮಾಡಿಕೊಂಡು ಕೂತರು. ಆಮೇಲೆ, "ನನ್ನ ಕೈಯಾರೆ ಕೆಡಿಸ್ಕೊಂಡೆ ಅಲ್ವೇನೇ?"

ಅವರ ಕೈ ಹಿಡಿದುಕೊಂಡೆ.

ಮಾರ್ಚ್ ೨೧, ಶುಕ್ರವಾರ

ಬೊಬ್ಬೆ ಒಣಗಿದೆ. ಮತ್ತೆ ಶುರು. ಐದೈದು ನಿಮಿಷಕ್ಕೆ ಕೇಳುತ್ತಿದ್ದೆ — ಹೇಗಿದೆ, ಹೇಗಿದೆ. ಇಪ್ಪತ್ತು ನಿಮಿಷವಾಗಿರಬೇಕು. ಅತ್ತೆ ಕಣ್ಣು ಮುಚ್ಚಿಕೊಂಡೇ, ತಪ್ಪೊಪ್ಪಿಕೊಳ್ಳುವವರ ಹಾಗೆ, "ಉರೀತಿದೆ."

ಟೆಕ್ನಿಷಿಯನ್ ಏನೋ ತಿರುಗಿಸಿದ. "ಈಗ?"

"ಈಗ ಪರವಾಗಿಲ್ಲ."

ಪರದೆ ನೋಡಿದೆ. ಅದೊಂದು ಜಾಗ ಇಳಿದಿತ್ತು, ಉಳಿದದ್ದು ಹಾಗೇ ಇತ್ತು. ಅತ್ತೆಗೂ ತೋರಿಸಿದೆ. ಅಷ್ಟೇ, ಧೈರ್ಯ ಬಂತು.

"ಕಾಲು ಜೋಮು ಹಿಡಿದಿದೆ ಕಣಪ್ಪ. ದಿಂಬೂ ಸರಿಯಿಲ್ಲ. ನೀನು ಹಾಕಿರೋ ಹಾಡಂತೂ..."

ಅವನು ಮೊದಲು ಹಾಡು ಬದಲಾಯಿಸಿದ.

ಏಪ್ರಿಲ್ ೨೯, ಸಂಜೆ

ಇಷ್ಟು ದಿನ ಬರೆಯಲು ಹೆದರಿಕೆ. ಇವತ್ತು ಡಾಕ್ಟರ್ ಬೆರಳಾಡಿಸಿ ನೋಡಿದರು. ಎರಡು ಗಂಟು ಕೈಗೆ ಸಿಗುತ್ತಿಲ್ಲ. ಮೂರನೆಯದು ಹೆಸರುಕಾಳಿನಷ್ಟಿದೆ. ಸ್ಕ್ಯಾನ್ ಆಗಲಿ, ನೋಡೋಣ ಎಂದರು. ನೋಡೋಣ ಎನ್ನುವಾಗ ನಗುತ್ತಿದ್ದರು — ಇವರಿಗೆ ಫೋನಿನಲ್ಲಿ ಎರಡು ಸಲ ಹೇಳಿದೆ.

ಒಳಗಿನಿಂದ ಅತ್ತೆ ಕೂಗುತ್ತಿದ್ದಾರೆ. "ಏನೇ ಅದು ಬರೀತಾ ಕೂತಿರೋದು? ಸೊಂಟ ಹಿಡಿದಿದೆ, ಬಂದು ಸ್ವಲ್ಪ ತಿಕ್ಕು."

ನಾನು ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರಾಗಿಯೇ ನನ್ನಿಂದ ಒಂದು ಸಹಾಯ ಕೇಳಿದ್ದಾರೆ, ಹೊರಟೆ—