ಟೋವಾ ಪಾಯೋದಲ್ಲಿ ಯಾರೂ ಕೇಳದ ಪ್ರಶ್ನೆ

ತಮ್ಮಾ,

ನಿನ್ನೆ ಮೊಮ್ಮಗಳು ವರ್ಣಿಕಾ ನನ್ನನ್ನು ಇಲ್ಲಿನ ಟೋವಾ ಪಾಯೋ ಬಡಾವಣೆಯ ಒಂದು ವಾಯ್ಡ್ ಡೆಕ್‌ಗೆ, ಅಂದರೆ ವಸತಿ ಕಟ್ಟಡದ ಕೆಳಗಿನ ತೆರೆದ ಜಾಗಕ್ಕೆ, ಕರೆದೊಯ್ದಳು. ಜೈಲಿನಿಂದ ಬಂದವರು ಮತ್ತೆ ಒಳಗೆ ಹೋಗದಂತೆ ಅವರಿಗೆ ಕೆಲಸ ಹುಡುಕಿಕೊಡುವುದು ಅವಳ ಗೆಳೆಯರ ಭಾನುವಾರದ ಸೇವೆ. ಏಳು ವರ್ಷ ಒಳಗಿದ್ದ ಒಬ್ಬರು ಗಂಜಿ ಅಂಗಡಿಯ ಯಜಮಾನಿಯ ಎದುರು ಕೈಕಟ್ಟಿ ಕೂತಿದ್ದರು. "ಯಾವ ಕೇಸಂತೆ?" ಎಂದೆ.

"ಅಜ್ಜೀ, ಅದು ಕೇಳೋ ಹಾಗಿಲ್ಲ ಲಾ! ಇಲ್ಲಿ ರೂಲೇ ಅದು," ಎಂದು ವರ್ಣಿಕಾ ಇಲ್ಲಿಯವರಂತೆ ಕೊನೆಗೊಂದು 'ಲಾ' ಸೇರಿಸಿ ಗದರಿದಳು.

ಯಜಮಾನಿ ಕೇಳಿದ್ದು ಒಂದೇ: "ಬೆಳಿಗ್ಗೆ ಐದಕ್ಕೆ ಬರ್ತೀಯಾ?"

"ನಾಲ್ಕೂವರೆಗೇ ಬರ್ತೀನಿ," ಎಂದರು ಆತ. ಕೆಲಸ ಸಿಕ್ಕಿತು.

ಗಲ್ಲು, ಬೆತ್ತ ಎರಡನ್ನೂ ಇಟ್ಟುಕೊಂಡಿರುವ ಈ ದೇಶದ ಕಾನೂನನ್ನು ನಾನು ಹೊಗಳಲಾರೆ. ಆದರೆ ಈ ಮಕ್ಕಳಿಗೆ ಕೈಮುಗಿಯಬೇಕೆನಿಸಿತು.

ಎಪ್ಪತ್ತೈದನೇ ಇಸವಿಯಲ್ಲಿ ಜೈಲಿನಲ್ಲಿದ್ದ ಅಪ್ಪನ ಜಾಮೀನಿಗೆ ಒಬ್ಬರೂ ಬರಲಿಲ್ಲವೆಂದು ಊರನ್ನು ಇಂದಿಗೂ ಬೈಯುವವಳು ನಾನು. ಈಗ ನಮ್ಮ ಬೀದಿಯ ಇಸ್ತ್ರಿ ಚೌಡಪ್ಪನಿಗೆ ಜಾಮೀನು ಮಂಜೂರಾಗಿ ಹನ್ನೊಂದು ತಿಂಗಳಾಯಿತು. ಪಹಣಿ ಕೊಟ್ಟು ಹೊಣೆ ನಿಲ್ಲುವವರಿಲ್ಲದೆ ಜೈಲಿನಲ್ಲೇ ಇದ್ದಾನೆ. ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದಾಗ ನಾನು ಮೊದಲು ಕೇಳಿದ್ದು "ಯಾವ ಕೇಸು?" ಎಂದೇ. ಬರಿಗೈಯಲ್ಲಿ ಕಳಿಸಿಬಿಟ್ಟೆ.

ಬೀರುವಿನಲ್ಲಿ ನನ್ನ ಹೆಸರಿನ ಪಹಣಿ ಇದೆ, ತೆಗೆದು ವಕೀಲರಿಗೆ ತೋರಿಸು. ಹದಿನಾಲ್ಕನೇ ತಾರೀಕು ಊರಿಗೆ ಬಂದಿಳಿದು ಕೋರ್ಟಿನಲ್ಲಿ ನಾನೇ ನಿಲ್ಲುತ್ತೇನೆ. ಮಂಡಿನೋವು ಕಡಿಮೆಯಾಗಿದೆ, ಅಲ್ಲಿನ ಮೆಟ್ಟಿಲು ಹತ್ತಬಲ್ಲೆ. ಈ ಅಂಚೆ ಕಾರ್ಡು ಕೈಸೇರಿದ ದಿನವೇ ಚೌಡಪ್ಪನ ಮನೆಗೆ ಹೋಗಿ ಅವನ ಹೆಂಡತಿಗೆ ಹೇಳಿ ಬಾ.

ಅಕ್ಕ